ಲಸಿಕೆ ಕುಡಿದ ಕೋಳಿ ಸಾಯುವುದಿಲ್ಲ

ಅವರಿಗೆ ಮೀಸೆ ಇರಲಿಲ್ಲ. ಆದರೆ ಅವರ ವಿಷಯ ಯಾರಿಗಾದರೂ ಹೇಳಲು ಕೂತಾಗಲೆಲ್ಲ ನಾನು ಅವರ ಮೂಗಿನ ಕೆಳಗೆ ಒಂದು ಮೀಸೆ ಅಂಟಿಸುತ್ತೇನೆ. ಅದನ್ನು ಅವರು ಎಡಗೈಯಿಂದ ತಿರುವುವ ಹಾಗೆ ಮಾಡಿ ತೋರಿಸುತ್ತೇನೆ, ಕೇಳುವವರು ನಗುತ್ತಾರೆ. ಸಿಟ್ಟಿನ ನೆನಪು ಇರುವುದೇ ಹೀಗೆ, ಇಲ್ಲದ್ದನ್ನು ತಂದು ಅಂಟಿಸುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಮೀಸೆ ಇರಲಿಲ್ಲ. ನುಣ್ಣಗೆ ಬೋಳಿಸಿದ ಮುಖ, ಕಂಕುಳಲ್ಲಿ ಕೊಡೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೋಳಿ ಶೆಡ್ಡಿಗೆ ಬಿಳಿ ಅಂಗಿಯಲ್ಲಿ ಬಂದು ಬಿಳಿ ಅಂಗಿಯಲ್ಲೇ ವಾಪಸ್ ಹೋಗುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಇದು ಮೆಚ್ಚುಗೆಯ ಮಾತಲ್ಲ. ಕೋಳಿ ಡಾಕ್ಟರ ಅಂಗಿ ಬಿಳಿಯಾಗಿ ಉಳಿದಿದೆ ಎಂದರೆ ಅವನು ಕೋಳಿಯನ್ನು ಮುಟ್ಟಿಲ್ಲ ಎಂದೇ ಅರ್ಥ.

ಕಲಬುರಗಿಯಲ್ಲಿ ಅವರನ್ನು ಎಲ್ಲರೂ ಡಾಕ್ಟರ್ ಸಾಹೇಬರು ಎನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ, ಹೆಸರು ಬೇಡ. ದನದ ದವಾಖಾನೆಯ ಸರ್ಕಾರಿ ನೌಕರಿ ಬಿಟ್ಟು ಜಗತ್ ಸರ್ಕಲ್ಲಿನ ಹತ್ತಿರ ಒಂದು ಮಾಳಿಗೆಯ ಮೇಲೆ ಕೋಳಿ ಔಷಧದ ಅಂಗಡಿ ಇಟ್ಟಿದ್ದರು. ತೊಂಬತ್ತರ ದಶಕ, ಸುತ್ತಲಿನ ಊರುಗಳಲ್ಲಿ ಬ್ರಾಯ್ಲರ್ ಶೆಡ್ಡುಗಳು ಏಳುತ್ತಿದ್ದ ಕಾಲ. ನಾನು ಕಪನೂರಿನ ಒಂದು ಕೋಳಿ ಆಹಾರದ ಕಾರ್ಖಾನೆಯಲ್ಲಿ ಮಾರಾಟದ ಕೆಲಸಕ್ಕಿದ್ದೆ. ಶೆಡ್ಡಿನಿಂದ ಶೆಡ್ಡಿಗೆ ಅಲೆಯುವುದು, ಮೂಟೆ ಎಷ್ಟು ಉಳಿದಿವೆ ನೋಡುವುದು, ಚಹಾ ಕುಡಿಯುವುದು. ನಾನು ಹೋದ ಕಡೆಗೆಲ್ಲ ಅವರು ಮೊದಲೇ ಬಂದುಹೋಗಿರುತ್ತಿದ್ದರು. ಅದು ವಾಸನೆಯಿಂದಲೇ ಗೊತ್ತಾಗುತ್ತಿತ್ತು. ಕೋಳಿಯ ಹಿಕ್ಕೆಯ ವಾಸನೆಯ ಮೇಲೆ ಬ್ಲೀಚಿಂಗ್ ಪೌಡರಿನ ಘಾಟು.

ಚೊಕ್ಕಟದ ಹುಚ್ಚು ಅವರಿಗೆ. ಶೆಡ್ಡಿನಲ್ಲಿ ಕುರ್ಚಿ ಕೊಟ್ಟರೆ ಕೂರುತ್ತಿರಲಿಲ್ಲ, ಚಹಾ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಸತ್ತ ಕೋಳಿಯನ್ನು ಕೊಯ್ದು ನೋಡುವುದಂತೂ ದೂರ ಉಳಿಯಿತು, ಬಾಗಿಲಲ್ಲೇ ನಿಂತು ಕೊಡೆಯ ತುದಿಯಿಂದ ಹೆಣ ಮಗುಚಿ ರೋಗದ ಹೆಸರು ಹೇಳುತ್ತಿದ್ದರು. ಮನೆಯ ಮಡಿಯಿಂದ ಬಂದದ್ದು ಇದು ಎಂದು ಜನ ಆಡಿಕೊಳ್ಳುತ್ತಿದ್ದರು. ವೈಷ್ಣವರ ಮನೆ, ಒಳಗೆ ಮರಾಠಿ, ಹೊರಗೆ ಕನ್ನಡ, ತತ್ತಿ ಎಂಬ ಶಬ್ದ ಕೂಡ ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ನಾನು ಈ ಮಾತು ಒಪ್ಪುವುದಿಲ್ಲ. ಅವರ ಸ್ವಂತ ತಮ್ಮನೇ ಆಸ್ಪತ್ರೆಯಲ್ಲಿ ಹೆಣ ಕೊಯ್ಯುವ ಡಾಕ್ಟರಾಗಿದ್ದ. ಕೊಯ್ದು ಬಂದು, ಸ್ನಾನ ಮಾಡಿ, ಅದೇ ಮನೆಯಲ್ಲಿ ಅದೇ ತಾಯಿಯ ಕೈಯ ಊಟ ಉಣ್ಣುತ್ತಿದ್ದ. ಮಡಿ ಅವನನ್ನು ತಡೆದಿರಲಿಲ್ಲ. ಇವರದು ಇವರದೇ ಸಂಪಾದನೆ.

ಅವರ ಬಾಯಲ್ಲಿ ಒಂದು ವಾಕ್ಯ ಸದಾ ಇರುತ್ತಿತ್ತು. ಮಿಕ್ಕ ಮಾತೆಲ್ಲ ನಮ್ಮ ಕಡೆಯ ಮಾತು, ಇದೊಂದನ್ನು ಮಾತ್ರ ಪುಸ್ತಕದ ಕನ್ನಡದಲ್ಲಿ, ಬೋರ್ಡಿನ ಮೇಲೆ ಬರೆದದ್ದನ್ನು ಓದುವವರ ಹಾಗೆ ಹೇಳುತ್ತಿದ್ದರು: "ಲಸಿಕೆ ಕುಡಿದ ಕೋಳಿ ಸಾಯುವುದಿಲ್ಲ." ಆಮೇಲೆ, "ಸತ್ತದ ಅಂದ್ರ ಕುಡಿದಿಲ್ಲ ಅಂತ ತಿಳ್ಕೋ." ಎಷ್ಟು ಸುಖದ ತರ್ಕ ನೋಡಿ. ಬದುಕಿದ ಕೋಳಿ ಅವರ ಪರವಾಗಿ ಸಾಕ್ಷಿ ಹೇಳುತ್ತದೆ. ಸತ್ತದ್ದೂ ಅವರ ಪರವಾಗಿಯೇ ಹೇಳುತ್ತದೆ.

ಲಸಿಕೆ ಕುಡಿಸುವ ಕ್ರಮವನ್ನು ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಐಸ್ ತುಂಬಿದ ಥರ್ಮಾಸಿನಲ್ಲಿ ಸಣ್ಣ ಸೀಸೆ ಬರುತ್ತದೆ. ಅದರೊಳಗೆ ಇರುವುದು ರೋಗದ್ದೇ ವೈರಸ್ಸು, ಬಲ ಕುಂದಿಸಿದ್ದು, ಆದರೆ ಜೀವ ಇರುವಂಥದ್ದು. ಮುಂಜಾನೆ ಮರಿಗಳಿಗೆ ನೀರು ಕೊಡದೆ ಬಾಯಾರಿಸುತ್ತಾರೆ. ಬಾವಿಯ ನೀರಿಗೆ ಹಾಲಿನ ಪುಡಿ ಕಲಸಿ, ಅದರಲ್ಲಿ ಸೀಸೆಯ ಔಷಧಿ ಬೆರೆಸಿ, ಪ್ಲಾಸ್ಟಿಕ್ ಡಬ್ಬಿಗಳಲ್ಲಿ ತುಂಬಿ ಇಡುತ್ತಾರೆ. ಮರಿಗಳು ಮುಗಿಬಿದ್ದು ಕುಡಿಯುತ್ತವೆ. ಅದು ಜೀವಂತವಾಗಿ ಗಂಟಲಿಗೆ ಇಳಿದರೆ ಮಾತ್ರ ಕೆಲಸ ಮಾಡುತ್ತದೆ. ಎಲ್ಲ ಡಾಕ್ಟರರೂ ಇಷ್ಟನ್ನೇ ಹೇಳುತ್ತಿದ್ದರು. ನಮ್ಮ ಸಾಹೇಬರು ಇದಕ್ಕೆ ತಮ್ಮದೊಂದು ಸೇರಿಸಿದ್ದರು. ಲಸಿಕೆಯ ದಿನ ಬೆಳಿಗ್ಗೆ ಡಬ್ಬಿಗಳನ್ನೆಲ್ಲ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ನೆನೆಹಾಕಿ ತಿಕ್ಕಬೇಕು. ತಿಕ್ಕಿದ ಮೇಲೆ ಮತ್ತೆ ಬರೀ ನೀರಿನಲ್ಲಿ ತೊಳೆಯಬಾರದು, ತೊಳೆದರೆ ಊರಿನ ನೀರಿನ ಹೊಲಸು ಮತ್ತೆ ಹತ್ತುತ್ತದೆ. ಹಾಗೇ ಒಣಗಿಸಿ ಅದರಲ್ಲೇ ಲಸಿಕೆ ತುಂಬಬೇಕು.

ಕಮಲಾಪುರದ ಶೆಡ್ಡು ಅಣ್ಣತಮ್ಮಂದಿರದು. ಅಣ್ಣ ಗಫೂರಸಾಬರಿಗೆ ಕಲಬುರಗಿಯಲ್ಲಿ ಕೋಳಿ ಅಂಗಡಿ. ತಮ್ಮ ರಶೀದ ಕಮಲಾಪುರದಲ್ಲಿದ್ದು ಶೆಡ್ಡು ನೋಡಿಕೊಳ್ಳುತ್ತಿದ್ದ. ತಂದೆ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು ಗಫೂರಸಾಬರೇ. ಅಣ್ಣ ಕೂತಿದ್ದರೆ ರಶೀದ ನಿಂತೇ ಇರುತ್ತಿದ್ದ, ಅದೂ ತಾನೇ ಮಕ್ಕಳ ತಂದೆಯಾದ ಮೇಲೆ. ಗಫೂರಸಾಬರಿಗೆ ಓದು ಬರಹ ಇರಲಿಲ್ಲ. ಓದಿದವರ ಮೇಲೆ ಅವರಿಗಿದ್ದ ಭಕ್ತಿ ಮಾತ್ರ ಯಾವ ಓದಿದವನಲ್ಲೂ ನಾನು ಕಂಡಿಲ್ಲ. ಡಾಕ್ಟರ್ ಸಾಹೇಬರು ಅವರ ಕೋಳಿ ಅಂಗಡಿಯ ಮುಂದೆ, ಹಾದಿಯಲ್ಲೇ ಆಗಲಿ, ನಿಂತು ಮಾತಾಡಿದ ದಿನ ಅವರು ಗಿರಾಕಿಗಳಿಗೆಲ್ಲ ಅದನ್ನು ಹೇಳುತ್ತಿದ್ದರು.

ಸಾಹೇಬರು ಬರುವ ಮೊದಲು ರಶೀದ ಡಬ್ಬಿಗಳನ್ನು ಬಾವಿಯ ನೀರಿನಲ್ಲಿ ಅಲುಬಿ ಲಸಿಕೆ ತುಂಬುತ್ತಿದ್ದ. ಕೋಳಿಗಳು ನೆಟ್ಟಗಿದ್ದವು. ಸಾಹೇಬರು ಬಂದರು, ಡಬ್ಬಿಗಳು ಬೆಳ್ಳಗಾದವು. ಒಂದು ಬೇಸಿಗೆಯ ಕೊನೆಗೆ, ಮೂರು ವಾರ ದಾಟಿದ ಮರಿಗಳು ಗರಿ ಕೆದರಿಕೊಂಡು ಮೂಲೆಗಳಲ್ಲಿ ಕೂರತೊಡಗಿದವು. ಸುಣ್ಣದ ನೀರಿನಂಥ ಭೇದಿ. ತಮ್ಮ ಹಿಂಭಾಗವನ್ನು ತಾವೇ ಕುಕ್ಕಿಕೊಳ್ಳುವುದು. ಆಮೇಲೆ ಸಾವು, ಬುಟ್ಟಿಗಟ್ಟಲೆ. ನಾನು ಅವತ್ತು ಮೂಟೆ ಇಳಿಸಲು ಹೋಗಿದ್ದೆ. ಗಫೂರಸಾಬರೂ ಕಲಬುರಗಿಯಿಂದ ಬಂದಿದ್ದರು.

ಸಾಹೇಬರು ಬಾಗಿಲಲ್ಲೇ ನಿಂತು ಕೊಡೆಯ ತುದಿ ಆಡಿಸಿ, "ಗಂಬೊರೊ," ಎಂದರು. ಆ ಲಸಿಕೆ ತಡೆಯಬೇಕಾಗಿದ್ದ ರೋಗವೇ ಅದು. ಹೆಸರು ಸರಿಯಾಗಿಯೇ ಹೇಳಿದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಂತರ ಗಫೂರಸಾಬರ ಕಡೆ ತಿರುಗಿ ತಮ್ಮ ಪುಸ್ತಕದ ವಾಕ್ಯ ಒಪ್ಪಿಸಿದರು.

"ಕುಡಿಸೀನ್ರೀ ಸಾಹೇಬ್ರ," ಎಂದ ರಶೀದ. "ನೀವು ಹೆಂಗ ಹೇಳಿದ್ರಿ ಹಂಗ. ಡಬ್ಬಿ ತಿಕ್ಕಿ ತಿಕ್ಕಿ ಕೈ ಸುಟ್ಟಾವ ನೋಡ್ರಿ."

"ಡಬ್ಬಿ ತಿಕ್ಕಿರಬಹುದು. ಲಸಿ?"

"ಅಲ್ಲಾನ ಆಣಿರೀ, ಕುಡಿಸೀನಿ."

"ಆಣಿ ಪ್ರಮಾಣ ನಿಮ್ಮ ಮನ್ಯಾಗ ಇಟ್ಕೋರಿ. ಇದು ಸೈನ್ಸ್ ಅದ."

ರಶೀದ ಎರಡೂ ಅಂಗೈ ಬಿಚ್ಚಿ ಹಿಡಿದಿದ್ದ. ಚರ್ಮ ಸುಲಿದು ಬೆಳ್ಳಗಾಗಿತ್ತು. ಉತ್ತರ ಅಲ್ಲೇ ಇತ್ತು, ಆ ಅಂಗೈಗಳ ಮೇಲೆ. ನನಗೆ ಓದಲು ಬರಲಿಲ್ಲ. ಸಾಹೇಬರಿಗೆ ಬರಬೇಕಿತ್ತು. ಅವರು ಗಫೂರಸಾಬರನ್ನು ಪಕ್ಕಕ್ಕೆ ಕರೆದು, ಹುಡುಗರು ಥರ್ಮಾಸನ್ನು ಬಿಸಿಲಲ್ಲಿಟ್ಟು ಮಲಗಿಬಿಡುತ್ತಾರೆ, ಎದ್ದ ಮೇಲೆ ಸೀಸೆಯನ್ನು ಹಳ್ಳಕ್ಕೆ ಎಸೆದು ಕುಡಿಸಿದೆ ಎನ್ನುತ್ತಾರೆ, ಎಲ್ಲ ಶೆಡ್ಡಿನಲ್ಲೂ ಇದೇ ಕತೆ ಎಂದು ತಗ್ಗಿದ ದನಿಯಲ್ಲಿ ತಿಳಿಸಿದರು. ಎಲ್ಲರಿಗೂ ಕೇಳುವಷ್ಟು ತಗ್ಗಿದ ದನಿ. ಗಫೂರಸಾಬರು ಸತ್ತ ಕೋಳಿಗಳ ಕಡೆ ನೋಡಲೇ ಇಲ್ಲ, ತಮ್ಮನನ್ನು ನೋಡುತ್ತ ನಿಂತರು.

ಮುಂದಿನ ಬ್ಯಾಚಿಗೆ ಸಾಹೇಬರು ಪಂಥ ಕಟ್ಟಿದವರಂತೆ ತಾವೇ ಬಂದರು. ತಾವೇ ಲಸಿಕೆ ಕುಡಿಸುವುದಾಗಿಯೂ ಆಮೇಲೆ ಹೇಗೆ ಸಾಯುತ್ತವೋ ನೋಡುವುದಾಗಿಯೂ ಹೇಳಿದರು. ಆ ದಿನದ ಸಂಭ್ರಮ ನೋಡಬೇಕಿತ್ತು. ನೆಲಕ್ಕೆ ತೊಳೆದ ಗೋಣಿತಾಟು ಹಾಸಿ ಅದರ ಮೇಲೆ ಅವರು ನಿಂತರು. ರಶೀದನ ತಿಕ್ಕುವಿಕೆಯ ಮೇಲೆ ನಂಬಿಕೆ ಇಲ್ಲವೆಂದು ಡಬ್ಬಿಗಳನ್ನು ಎರಡೆರಡು ಸಲ ಬ್ಲೀಚಿಂಗ್ ಪೌಡರಿನಲ್ಲಿ ಅದ್ದಿಸಿದರು. ಘಾಟಿಗೆ ನಮ್ಮೆಲ್ಲರ ಕಣ್ಣಲ್ಲೂ ನೀರು. ಸೀಸೆಯ ಬಾಯಿ ತಾವೇ ತೆಗೆದು ಉದ್ದನೆಯ ಚಮಚದಿಂದ ತಿರುವಿದರು. ಸ್ವಂತ ಕೈಯಿಂದ ಎಂದರೆ ಅವರ ಅರ್ಥದಲ್ಲಿ ಚಮಚದಿಂದ. ಈ ಲಸಿಕೆಯನ್ನು ಕೆಲವು ದಿನ ಬಿಟ್ಟು ಮತ್ತೊಮ್ಮೆ ಕುಡಿಸಬೇಕು. ಆ ಹೊತ್ತಿಗೆ ಸಾಹೇಬರಿಗೆ ಯಾರದೋ ಮದುವೆ ಬಂತು, ಅದನ್ನು ರಶೀದನಿಗೆ ಬಿಟ್ಟರು. ಅವನು ಅವರು ತೋರಿಸಿದ ಹಾಗೆಯೇ, ಎರಡೆರಡು ಸಲ ಅದ್ದಿ, ತಿಕ್ಕಿ, ತೊಳೆಯದೆ ಕುಡಿಸಿದ.

ಆ ಬ್ಯಾಚೂ ಹೋಯಿತು. ಈಗಲಾದರೂ ಸಾಹೇಬರು ತಲೆ ತಗ್ಗಿಸುತ್ತಾರೆ ಎಂದುಕೊಂಡಿದ್ದೆ. ಅವರು ಬಾಗಿಲಲ್ಲಿ ನಿಂತು ಗಫೂರಸಾಬರನ್ನು ಒಂದೇ ಪ್ರಶ್ನೆ ಕೇಳಿದರು. "ಮೊದಲನೇದ್ದು ನನ್ನ ಕೈ. ಎರಡನೇದ್ದು ಯಾರ ಕೈ?"

ಮರುದಿನ ಗಫೂರಸಾಬರು ತಮ್ಮನ ಹತ್ತಿರ ಶೆಡ್ಡಿನ ಕೀಲಿ ಕೇಳಿದರು. ರಶೀದ ಕೊಟ್ಟ. ಕಮಲಾಪುರದ ಬಸ್ಸು ನಿಲ್ಲುವಲ್ಲಿ ಕೆಂಪು ಬಾಳೆಹಣ್ಣಿನ ಗಾಡಿ ಹಾಕಿಕೊಂಡ. ಹಬ್ಬಕ್ಕೆ ಅಣ್ಣನ ಮನೆಯಿಂದ ಮಕ್ಕಳಿಗೆ ಬಟ್ಟೆ ಬರುತ್ತಿತ್ತು, ಶೀರ್‌ಖುರ್ಮಾ ಬರುತ್ತಿತ್ತು, ಅಣ್ಣ ಬರುತ್ತಿರಲಿಲ್ಲ. ಕೆಲಸಗಳ್ಳತನ ಗಫೂರಸಾಬರಿಗೆ ದೊಡ್ಡದಲ್ಲ, ಅಲ್ಲಾನ ಆಣೆ ಹಾಕಿ ಅಣ್ಣನ ಮುಖಕ್ಕೇ ಸುಳ್ಳು ಹೇಳಿದ ಎನ್ನುವುದು ಅವರ ಎದೆಯಲ್ಲಿ ಸಿಕ್ಕಿಕೊಂಡಿತ್ತು. ನಾನು ಆ ಕಡೆ ಹೋದಾಗಲೆಲ್ಲ ಗಾಡಿಯ ಹತ್ತಿರ ನಿಲ್ಲುತ್ತಿದ್ದೆ. ಒಮ್ಮೆ ರಶೀದ ಹಣ್ಣಿನ ಮೇಲಿನ ಧೂಳು ಒರೆಸುತ್ತ ಹೇಳಿದ: "ಶೆಡ್ ಬ್ಯಾಡ್ರೀ ಅಣ್ಣಾರ. ಡಾಕ್ಟ್ರು ಒಂದು ಸಲ ಭಾಯಿ ಮುಂದ ನಿಂತು, ನಿಮ್ಮ ತಮ್ಮ ಕುಡಿಸ್ಯಾನ ಅಂತ ಹೇಳಲಿ, ಸಾಕು. ನಾ ಹೇಳಿದ್ರ ಭಾಯಿ ನಂಬೂದಿಲ್ಲ. ನೀವು ಹೇಳಿದ್ರೂ ನಂಬೂದಿಲ್ಲ. ಅವ್ರು ಹೇಳಿದ್ರ ನಂಬ್ತಾನ."

ಅವನಿಗೆ ಬೇಕಾದದ್ದು ಇಷ್ಟೇ, ಒಬ್ಬ ಮನುಷ್ಯನ ಬಾಯಿಂದ ಒಂದು ವಾಕ್ಯ.

ಆ ವರ್ಷ ಬಹಳ ಶೆಡ್ಡುಗಳಲ್ಲಿ ಹೀಗೇ ಆಯಿತು. ಆಹಾರವೇ ಕೆಟ್ಟಿದೆ ಎಂಬ ದೂರು ನಮ್ಮ ಕಾರ್ಖಾನೆಗೆ ಬಂದಾಗ ಮಾಲೀಕರು ಬೀದರಿನಿಂದ ಒಬ್ಬ ಪಶುವೈದ್ಯೆಯನ್ನು ಕರೆಸಿದರು. ನಾನು ಆಕೆಯನ್ನು ಕುಸನೂರಿನ ಒಂದು ಶೆಡ್ಡಿಗೆ ಕರೆದುಕೊಂಡು ಹೋದೆ. ಆಕೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಕೋಳಿಯನ್ನು ಕೊಯ್ದರು, ತೊಡೆಯ ಮಾಂಸದಲ್ಲಿ ರಕ್ತದ ಗೀರುಗಳನ್ನು ತೋರಿಸಿದರು, ಕೈ ತೊಳೆಯಲು ಎದ್ದವರು ಗೋಡೆಗೆ ಒರಗಿಸಿಟ್ಟ ಡಬ್ಬಿಯೊಂದನ್ನು ಎತ್ತಿ ಮೂಸಿದರು. ಯಾರು ಹೀಗೆ ತೊಳೆಯಲು ಹೇಳಿದ್ದೆಂದು ಕೇಳಿದರು. ಶೆಡ್ಡಿನವನು ಹೆಮ್ಮೆಯಿಂದ ಸಾಹೇಬರ ಹೆಸರು ಹೇಳಿದ.

"ಇದರಾಗ ಲಸಿ ಹಾಕಿದ್ರ ಬ್ಲೀಚಿಂಗ್ ಪೌಡರಿಗೆ ಅದು ಮರಿ ಬಾಯಿಗೆ ಹೋಗೂಕಿಂತ ಮೊದಲ ಡಬ್ಬ್ಯಾಗ ಸಾಯ್ತದ," ಎಂದರು ಆಕೆ. "ನೀವು ಕುಡಿಸಿದ್ದು ಬರೇ ಹಾಲಿನ ಪುಡಿ."

ನಾನು ಅವತ್ತೇ ಜಗತ್ ಸರ್ಕಲ್ಲಿನ ಮಾಳಿಗೆ ಹತ್ತಿದೆ. ಸಾಹೇಬರು ಎಲ್ಲ ಕೇಳಿಸಿಕೊಂಡರು. ಬಾಗಿಲು ಎಳೆದು ಮುಂದೆ ಮಾಡಲು ಹೇಳಿದರು. ಮಾಡಿದೆ.

"ಆಕಿ ಹೇಳಿದ್ದು ಖರೇ ಇರಬಹುದು ತಮ್ಮಾ," ಎಂದರು.

ಹಾಗಾದರೆ ಗಫೂರಸಾಬರಿಗೆ ಒಂದು ಮಾತು ಹೇಳಿ ಎಂದೆ.

"ಒಬ್ಬವಗ ಹೇಳಿದ್ರ ಎಲ್ಲಾರಿಗೂ ಹೇಳಿದಂಗ. ಅವನ ಶೆಡ್ ಒಂದ ಏನು ಸತ್ತದ್ದು?"

"ಅಣ್ಣತಮ್ಮ ಬ್ಯಾರೆ ಆಗ್ಯಾರ್ರೀ."

"ಅಣ್ಣತಮ್ಮರು ಇವತ್ತ ಮುನಿಸ್ಕೋತಾರ, ನಾಳೆ ಕೂಡ್ತಾರ. ನನ್ನ ಹೆಸರು ಹ್ವಾದ್ರ ತಿರುಗಿ ಬರ್ತದೇನು?"

ಈ ಸಂಭಾಷಣೆ ಇಷ್ಟು ಚೊಕ್ಕವಾಗಿ ನಡೆಯಿತೇ? ನಡೆಯಲಿಲ್ಲ. ನಡುವೆ ಫೋನು ಬಂತು, ಯಾರೋ ಬಾಗಿಲು ಬಡಿದರು, ಅವರು ಬೀದರಿನ ಆಕೆಯ ವಯಸ್ಸು ಕೇಳಿದರು, ನಾನು ಏನೋ ತೊದಲಿದೆ. ನಂತರ ನಾನೇ ಹೊಲಿದು ಒಂದು ಮಾಡಿದ್ದೇನೆ. ಆದರೆ ಅವನ ಶೆಡ್ಡೊಂದೇ ಏನು ಸತ್ತದ್ದು ಎಂಬುದು ಅವರದೇ, ಅದಕ್ಕೆ ನನ್ನ ಹೊಲಿಗೆ ಹತ್ತಿಲ್ಲ. ಅಷ್ಟು ಚೆನ್ನಾಗಿ ನನಗೆ ಕಟ್ಟಲು ಬರುವುದಿಲ್ಲ.

ಮುಂದೆ ಅವರು ಮಾಡಿದ್ದನ್ನು ಕೇಳಿ. ಸ್ವಲ್ಪ ದಿನಗಳಲ್ಲೇ ಎಲ್ಲ ಶೆಡ್ಡುಗಳಿಗೂ ಅವರ ಹುಕುಂ ಹೋಯಿತು. ಲಸಿಕೆಗೆ ಹೊಸ ಪದ್ಧತಿ ಬಂದಿದೆ, ಡಬ್ಬಿಗಳನ್ನು ಬಾವಿಯ ನೀರಿನಲ್ಲಿ ಮಾತ್ರ ಅಲುಬಬೇಕು, ಆ ದಿನ ಬ್ಲೀಚಿಂಗ್ ಪೌಡರು ಶೆಡ್ಡಿನ ಹತ್ತಿರವೂ ಸುಳಿಯಬಾರದು. ರಶೀದ ಮೊದಲಿನಿಂದ ಮಾಡುತ್ತಿದ್ದದ್ದೇ ಹೊಸ ಪದ್ಧತಿಯಾಯಿತು. ಸಾವು ಇಳಿಯಿತು. ಹೊಸ ಪದ್ಧತಿ ತಂದವರೆಂದು ಕೋಳಿ ಸಾಕಣೆದಾರರು ಸಭೆ ಮಾಡಿ ಅವರಿಗೆ ಶಾಲು ಹೊದಿಸಿದರು. ಶಾಲನ್ನು ಗಫೂರಸಾಬರ ಕೈಯಿಂದಲೇ ಹೊದಿಸಿದರು. ಸಾಹೇಬರು ತಲೆ ಬಾಗಿಸಿ ಹೊದಿಸಿಕೊಂಡರು. ಆ ಹೊತ್ತಿನಲ್ಲಿ ಅವರ ಬಾಯಿ ಗಫೂರಸಾಬರ ಕಿವಿಯಿಂದ ಒಂದು ಗೇಣು ದೂರದಲ್ಲಿತ್ತು. ನಾನು ಎದುರಿನ ಸಾಲಿನಲ್ಲಿದ್ದೆ, ಆ ಬಾಯಿಯನ್ನೇ ನೋಡುತ್ತಿದ್ದೆ. ಅದು ಮುಗುಳ್ನಗುತ್ತಿತ್ತು.

ನಾನೇ ಗಫೂರಸಾಬರ ಅಂಗಡಿಗೆ ಹೋಗಿ ಎಲ್ಲ ಬಿಡಿಸಿ ಹೇಳಿದೆ. ಅವರು ಕತ್ತಿ ಕೆಳಗಿಟ್ಟು ಸಮಾಧಾನದಿಂದ ಕೇಳಿದರು. "ಸಾಹೇಬ್ರು ನನಗ ಹಂಗ ಹೇಳಿಲ್ಲಲ್ರೀ," ಎಂದರು. "ನೀವು ಫೀಡ್ ಮಾರೋರು, ಅವ್ರು ಡಾಕ್ಟ್ರು. ನಮ್ಮ ರಶೀದ ನಿಮಗ ದೋಸ್ತ ಅದಾನ, ಗೊತ್ತದ ನಂಗ." ಇಷ್ಟು ಹೇಳಿ ನನಗೆ ಚಹಾ ತರಿಸಿದರು.

ಈಗ ನನ್ನ ಚಿತ್ರ ಕೆಡಿಸುವ ಒಂದು ಮಧ್ಯಾಹ್ನವನ್ನೂ ಬರೆಯಬೇಕು. ಕೀಲಿ ಕಿತ್ತುಕೊಳ್ಳುವ ಮೊದಲಿನದು. ಸುಡುವ ಬಿಸಿಲು, ಕರೆಂಟಿಲ್ಲ, ಕಮಲಾಪುರದ ಶೆಡ್ಡಿನಲ್ಲಿ ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಹಾಗೇ ಹಾದುಹೋಗುತ್ತಿದ್ದ ಸಾಹೇಬರು ಸ್ಕೂಟರ್ ನಿಲ್ಲಿಸಿ, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಬನಿಯನ್ನಿನಲ್ಲಿ ರಶೀದನ ಜೊತೆ ಬಾವಿಯಿಂದ ಕೊಡ ಹೊತ್ತರು. ಶೆಡ್ಡಿನ ಸುತ್ತ ಇಳಿಬಿಟ್ಟ ಗೋಣಿತಾಟುಗಳಿಗೆ ನೀರು ಉಗ್ಗಿದರು. ಹೊತ್ತು ಇಳಿಯುವ ತನಕ ಹೊತ್ತರು, ಉಗ್ಗಿದರು. ಆ ಬ್ಯಾಚು ಉಳಿಯಿತು. ಅವರ ಕತೆ ಹೇಳುವಾಗ ಎಷ್ಟೋ ಸಲ ನಾನು ಇದನ್ನು ನುಂಗಿದ್ದೇನೆ, ಮೀಸೆಯೊಂದಿಗೆ ಇದು ಹೊಂದುವುದಿಲ್ಲ. ಆದರೆ ಇದನ್ನು ಬಿಟ್ಟರೆ ಅವರು ಬರೀ ಮೂರ್ಖರಾಗಿ ಉಳಿಯುತ್ತಾರೆ, ಮೂರ್ಖನಿಗೆ ಎಲ್ಲರೂ ಮಾಫಿ ಕೊಡುತ್ತಾರೆ. ಇವರಿಗೆ ನಾನು ಕೊಡುವುದಿಲ್ಲ. ಬಿಸಿಲಲ್ಲಿ ಕೊಡ ಹೊರಬಲ್ಲ ಮನುಷ್ಯ ಒಂದು ಮಾತನ್ನು ಮಾಳಿಗೆಯಿಂದ ಕೆಳಗೆ ಇಳಿಸಲಿಲ್ಲ.

ಹಲವು ವರ್ಷಗಳಾದ ಮೇಲೆ ಅವರು ತೀರಿಕೊಂಡರು. ಸುದ್ದಿ ಕೇಳಿ ನಾನೂ ಹೋದೆ, ಯಾಕೆ ಹೋದೆನೋ. ಮನೆಯ ಮುಂದೆ ಅರ್ಧ ಊರಿನ ಕೋಳಿಯವರು ನೆರೆದಿದ್ದರು. ದೇಹವನ್ನು ಒಳಗಿನಿಂದ ಇನ್ನೂ ಹೊರಗೆ ತಂದಿರಲಿಲ್ಲ. ಗಫೂರಸಾಬರು ಓಣಿಯ ಗೋಡೆಗೆ ಒರಗಿ ನಿಂತಿದ್ದರು. ಕೈಯಲ್ಲಿ ಕೋಲು ಬಂದಿತ್ತು, ಕಣ್ಣು ಕೆಂಪಾಗಿತ್ತು. ಸ್ವಲ್ಪ ಹೊತ್ತಿಗೆ ಆಟೋದಿಂದ ಇಳಿದವನು ರಶೀದ. ಅವನು ಬರುತ್ತಾನೆಂದು ನಾನು ಎಣಿಸಿರಲಿಲ್ಲ. ಅವನ ಮುಖದಲ್ಲಿ ದುಃಖವಿರಲಿಲ್ಲ. ಇನ್ನು ಹೇಳುವವರು ಯಾರೂ ಉಳಿದಿಲ್ಲ ಎಂಬುದನ್ನು ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಲು ಬಂದವನ ಹಾಗಿದ್ದ.

ಗಫೂರಸಾಬರು ಅವನನ್ನು ಕೈಮಾಡಿ ಕರೆದರು. ಅಣ್ಣತಮ್ಮ ಎದುರುಬದುರಾಗಿ ನಿಂತದ್ದನ್ನು ಕೀಲಿ ಕೊಟ್ಟ ದಿನದಿಂದ ಯಾರೂ ಕಂಡಿರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಗಫೂರಸಾಬರು ತಮ್ಮ ಮನೆಯ ದಖನಿ ಮಾತಿನಲ್ಲಿ, ತಡೆತಡೆದು ಹೇಳಿದರು. ಡಾಕ್ಟರರು ಹೋದರು, ತಾನೂ ಇನ್ನೆಷ್ಟು ದಿನ, ಸಿಟ್ಟೆಲ್ಲ ಯಾವಾಗಲೋ ಆರಿಹೋಗಿದೆ, ಒಂದು ಮುಳ್ಳು ಮಾತ್ರ ಒಳಗೇ ಇದೆ. ಈಗಲಾದರೂ ನಿಜ ಹೇಳು. ಅವತ್ತು ಕುಡಿಸಿದ್ದೆಯೋ ಇಲ್ಲವೋ?

ಹೇಳು, ಎಂದು ನಾನು ಮನಸ್ಸಿನಲ್ಲೇ ರಶೀದನನ್ನು ಮುಂದಕ್ಕೆ ತಳ್ಳಿದೆ. ರಶೀದ ಆ ಮನೆಯ ಬಾಗಿಲ ಕಡೆ ನೋಡಿದ. ಆಮೇಲೆ ಕೋಲಿನ ಮೇಲಿದ್ದ ಅಣ್ಣನ ಕೈ ನೋಡಿದ.

"ನೈ ಪಿಲಾಯಾ, ಭಾಯಿ," ಎಂದ. ಕುಡಿಸಿರಲಿಲ್ಲ ಅಣ್ಣ. ಮಲಗಿಬಿಟ್ಟಿದ್ದೆ.

ಗಫೂರಸಾಬರು ಬಿಟ್ಟ ಉಸಿರು ನನಗೆ ಕೇಳಿಸಿತು. ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತೇನೋ ಹುಚ್ಚ ಎನ್ನುತ್ತ ತಮ್ಮನ ಕುತ್ತಿಗೆಗೆ ಕೈಹಾಕಿ ಎದೆಗೆ ಎಳೆದುಕೊಂಡು ಅತ್ತರು. ನಾನು ಬಾಯಿ ತೆರೆದೆ. ಅಣ್ಣನ ಭುಜದ ಮೇಲಿನಿಂದ ರಶೀದ ನನ್ನನ್ನು ನೋಡಿದ, ಬೇಡ ಎಂದು ತಲೆ ಆಡಿಸಿದ. ಗಫೂರಸಾಬರು ಅವನಿಗೆ ಮನೆಗೆ ನಡಿ, ಊಟ ಮಾಡೋಣ ಎಂದರು. ಇಬ್ಬರೂ ಅವನು ಬಂದ ಆಟೋವನ್ನೇ ಹತ್ತಿದರು.

ಪಕ್ಕದಲ್ಲಿ ನಿಂತಿದ್ದ ಕುಸನೂರಿನ ಶೆಡ್ಡಿನವನೂ ಎಲ್ಲ ಕೇಳಿಸಿಕೊಂಡಿದ್ದ, ಬೀದರಿನ ಆಕೆಯ ಮಾತನ್ನು ಅಂದು ತನ್ನ ಕಿವಿಯಿಂದಲೇ ಕೇಳಿದ್ದವನು. ನನ್ನ ಕಡೆ ಬಗ್ಗಿ, "ನೋಡ್ರೀ, ಸಾಹೇಬ್ರು ಅವತ್ತ ಹೇಳಿದ್ದು ಖರೇ ಆತಲ್ಲ," ಎಂದ.

ಆಟೋ ಇನ್ನೂ ಓಣಿಯ ತಿರುವು ದಾಟಿರಲಿಲ್ಲ. ಹೌದು ಎಂದೆ.